ಅಡಕತ್ತರಿಗೆ ಸಿಕ್ಕಿದ ಕೋಲಾ ಬೀಜ

ಅಮ್ಮಣ್ಣಿ ಮಗಳ ಮನೆಗೆಂದು ದುಬೈಗೆ ಹೊತ್ತು ತಂದ ಸಾಮಾನಿನಲ್ಲಿ ಕೆಲಸಕ್ಕೆ ಬಾರದೆ ಉಳಿದದ್ದು ಅಡಕತ್ತರಿ ಒಂದೇ. ಕುಚ್ಚಲಕ್ಕಿ ಮೊದಲ ವಾರದಲ್ಲೇ ಮುಗಿಯಿತು. ಹಲಸಿನ ಹಪ್ಪಳವನ್ನು ಮೊಮ್ಮಗಳು ಅಶ್ಮಿತಾ ಕಾರ್ಟೂನ್ ನೋಡುತ್ತ ನೋಡುತ್ತ ಖಾಲಿ ಮಾಡಿದಳು. ಎಲೆ ಅಡಿಕೆ ಮಾತ್ರ ಬೇಡವೇ ಬೇಡ ಎಂದು ಅಳಿಯ ರಿತೇಶ್ ಫೋನಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ದ. "ಇಲ್ಲಿ ಎಲೆ ಮಾರುವ ಹಾಗಿಲ್ಲ ಅತ್ತೆ, ತಿಂದು ಉಗುಳುವ ಮಾತು ಬಿಡಿ." ಅಮ್ಮಣ್ಣಿ ಎಲೆ ಬಿಟ್ಟಳು, ಅಡಿಕೆ ಬಿಟ್ಟಳು. ಅಡಕತ್ತರಿಯನ್ನು ಬಿಡಲು ಮನಸ್ಸಾಗದೆ ಸೀರೆಯೊಳಗೆ ಸುತ್ತಿ ಸೂಟ್‌ಕೇಸಿನ ತಳಕ್ಕೆ ಹಾಕಿದಳು.

ಡಿಸ್ಕವರಿ ಗಾರ್ಡನ್ಸಿನ ಮೂರನೆಯ ಮಹಡಿಯ ಆ ಮನೆಯಲ್ಲಿ ಅದು ಟಿವಿಯ ಪಕ್ಕ, ರಿಮೋಟಿನ ಜೊತೆ ಮಲಗಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಮ್ಮಣ್ಣಿ ಅದನ್ನು ಎತ್ತಿ, ಗಾಳಿಯನ್ನೇ ಕತ್ತರಿಸುವವಳಂತೆ ಎರಡು ಸಲ ಕಟಕಟ ಅನ್ನಿಸಿ ಮತ್ತೆ ಇಟ್ಟುಬಿಡುವಳು. "ತುಕ್ಕು ಹಿಡೀಬಾರ್ದಲ್ಲ" ಎನ್ನುವಳು. ಮಗಳು ಭವ್ಯಶ್ರೀಗೆ ನಗು ಬರುತ್ತಿತ್ತು, ಜೊತೆಗೆ ಅಮ್ಮ ಪಾಪ ಎಂದೂ ಅನ್ನಿಸುತ್ತಿತ್ತು.

ಎದುರು ಬಾಗಿಲಿನ ಸಣ್ಣ ಸ್ಟುಡಿಯೋದಲ್ಲಿ ಒಗೆಚಿ ಇದ್ದಳು. ನೈಜೀರಿಯಾದ ಇಗ್ಬೋ ಜನರ ಪೈಕಿ. ಅಲ್ ಬರ್ಷಾದ ಒಂದು ಶಿಶುವಿಹಾರದಲ್ಲಿ ಕೆಲಸ. ಮೂರು ವರ್ಷದ ಕೆಳಗೆ ಭವ್ಯಶ್ರೀ ಜ್ವರ ಬಂದು ಮಲಗಿದಾಗ, ಕೇಳದೆಯೇ ಬಂದು ಅಶ್ಮಿತಾಳ ತಲೆ ಬಾಚಿ ಸ್ಕೂಲ್ ಬಸ್ಸಿಗೆ ಹತ್ತಿಸಿದವಳು. ಅಂದಿನಿಂದ ಶನಿವಾರ ಸಂಜೆ ಹುಡುಗಿಯ ಕೂದಲಿಗೆ ಸಣ್ಣ ಸಣ್ಣ ಜಡೆ ಹೆಣೆಯುವುದು ಅವಳದೇ ಪಾಲಿನ ಕೆಲಸ. ಅಮ್ಮಣ್ಣಿಗೆ ಇಂಗ್ಲಿಷ್ ಬಾರದು, ಒಗೆಚಿಗೆ ತುಳು ಬಾರದು. ಇಬ್ಬರಿಗೂ ಅದೊಂದು ಕೊರತೆ ಅನ್ನಿಸಿದ ಹಾಗೆ ಕಾಣಲಿಲ್ಲ. ಭವ್ಯಶ್ರೀ ಒಲೆಯ ಮುಂದೆ ನಿಂತುಕೊಂಡೇ ಇವಳ ಮಾತನ್ನು ಅವಳಿಗೆ, ಅವಳ ಮಾತನ್ನು ಇವಳಿಗೆ ದಾಟಿಸುತ್ತಿದ್ದಳು. ಸಾಸಿವೆ ಸಿಡಿಯುವಾಗ ಒಂದೆರಡು ಮಾತು ಬಿದ್ದುಹೋದರೂ ಯಾರೂ ಕೇಳುತ್ತಿರಲಿಲ್ಲ.

ಆ ತಿಂಗಳು ಒಗೆಚಿಯ ಅಪ್ಪ ತೀರಿಕೊಂಡರು. ದೂರದ ಮಕ್ಕಳು, ನೆಂಟರು ಎಲ್ಲ ಸೇರುವ ದಿನ ನೋಡಿ, ಅಲ್ಲಿಯವರೆಗೆ ದೇಹವನ್ನು ಶವಾಗಾರದಲ್ಲಿಟ್ಟು ಮಣ್ಣು ಮಾಡುವುದು ಅವರ ಕಡೆಯ ರೂಢಿ. ಆ ದಿನ ನಿಶ್ಚಯವಾಗಿತ್ತು. ನಿಶ್ಚಯವಾಗದೆ ಉಳಿದದ್ದು ಮನೆಯ ಹಿಂದಿನ ಜಾಗ.

"ನಾವು ಮೂವರೂ ಹೆಣ್ಣು," ಎಂದಳು ಒಗೆಚಿ, ಅಶ್ಮಿತಾಳ ತಲೆಯ ಮೇಲಿಂದ ಕಣ್ಣೆತ್ತದೆ. "ನಮ್ಮಲ್ಲಿ ನೆಲ ಗಂಡುಮಕ್ಕಳಿಗೆ. ಗಂಡು ಇಲ್ಲದಿದ್ದರೆ ಅಪ್ಪನ ತಮ್ಮನಿಗೆ, ಆಮೇಲೆ ಅವನ ಮಗನಿಗೆ. ಹೆಣ್ಣು ಹೊರಗೆ ಹೋಗುವವಳು, ಕೊಟ್ಟರೆ ನೆಲವೂ ಅವಳ ಹಿಂದೆ ಹೋಗುತ್ತದೆ ಅನ್ನುತ್ತಾರೆ."

"ಇವಳು ಮದುವೆಯೇ ಆಗ್ಲಿಲ್ಲ, ಹೊರಗೆ ಎಲ್ಲಿಗೆ ಹೋದ್ಳು?" ಎಂದಳು ಅಮ್ಮಣ್ಣಿ.

ಭವ್ಯಶ್ರೀ ಅದನ್ನು ದಾಟಿಸದೆ ನುಂಗಿಕೊಂಡಳು. ಒಗೆಚಿಗೆ ಹೇಗೋ ತಿಳಿಯಿತು. "ದುಬೈಗೆ ಬಂದೆನಲ್ಲ. ಅವರಿಗೆ ಅಷ್ಟು ಸಾಕು," ಎಂದು ನಕ್ಕಳು.

ಹಿಂದಿನ ಜಾಗವೆಂದರೆ ಎಕರೆಗಟ್ಟಲೆಯೇನೂ ಅಲ್ಲ. ಒಗೆಚಿಯ ಅಮ್ಮ ಇಪ್ಪತ್ತೇಳು ವರ್ಷದಿಂದ ಮರಗೆಣಸು, ಸೊಪ್ಪು, ಮೆಣಸು ಬೆಳೆಯುತ್ತ ಬಂದ ತುಂಡು ನೆಲ. ನಡುವೆ ಒಂದು ದೊಡ್ಡ ಮರ, ಅದರ ಕೋಡು ಒಣಗಿದಾಗ ಪಟಾಕಿಯಂತೆ ಒಡೆದು ಬೀಜ ಹಾರುತ್ತದಂತೆ. ಚಿಕ್ಕಪ್ಪನ ಮಗನಿಗೆ ಅಲ್ಲಿ ಬಾಡಿಗೆ ಕೋಣೆಗಳನ್ನು ಕಟ್ಟಬೇಕಾಗಿತ್ತು. "ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಇರಲಿ, ಅವರನ್ನು ಯಾರು ಓಡಿಸುತ್ತಾರೆ?" ಎನ್ನುತ್ತಿದ್ದ. ಮಣ್ಣು ಮಾಡುವ ಮುಂಚಿನ ಭಾನುವಾರ ಕುಟುಂಬದ ಗಂಡಸರೆಲ್ಲ ಸೇರಿ ತೀರ್ಮಾನ ಹೇಳುವವರಿದ್ದರು. ಒಗೆಚಿಗೆ ಬೇಕಾಗಿದ್ದು ಇಷ್ಟೇ: ಆ ಜಾಗ ಅಮ್ಮನದಾಗಿ ಉಳಿಯಬೇಕು.

"ಕೋರ್ಟಿಗೆ ಹೋಗ್ಲಿಕ್ಕಾಗೂದಿಲ್ವಾ?" ಎಂದಳು ಅಮ್ಮಣ್ಣಿ.

"ನಮ್ಮ ದೇಶದ ದೊಡ್ಡ ಕೋರ್ಟು ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ಹೇಳಿ ಹತ್ತು ವರ್ಷ ದಾಟಿತು ಅಮ್ಮಾ. ಕೋರ್ಟು ಇರುವುದು ಅಬುಜದಲ್ಲಿ. ನನ್ನ ಅಮ್ಮ ನೀರು ತರುವುದು ಚಿಕ್ಕಪ್ಪನ ಬಾವಿಯಿಂದ." ಒಂದು ಜಡೆ ಮುಗಿಸಿ ತುದಿಗೆ ರಬ್ಬರು ಹಾಕಿದಳು. "ತಮಾಷೆಯೆಂದರೆ, ನಮಗೆ ನೆಲವೇ ದೇವಿ. ಆಲಾ ಎಂದು ಹೆಸರು. ಎಲ್ಲ ದೇವರಿಗಿಂತ ಹತ್ತಿರದವಳು. ಹೆಣ್ಣು."

"ನಮ್ಮಲ್ಲೂ ಹಾಗೆ ಹೇಳು," ಎಂದಳು ಅಮ್ಮಣ್ಣಿ ಮಗಳಿಗೆ. "ವರ್ಷಕ್ಕೊಮ್ಮೆ ಭೂಮಿ ಮುಟ್ಟಾಗ್ತಾಳೆ. ಕೆಡ್ಡಸ. ಮೂರು ದಿನ ಯಾರೂ ಅಗೆಯೂದಿಲ್ಲ, ಆಮೇಲೆ ಎಣ್ಣೆ ಅರಸಿನ ಹಾಕಿ ಮೀಯಿಸೂದು. ಮತ್ತೆ ನಮ್ಮಲ್ಲಿ ಮನೆ, ಗದ್ದೆ ಎಲ್ಲ ತಾಯಿಂದ ಮಗಳಿಗೆ. ಅಳಿಯಕಟ್ಟು. ನನ್ನ ಅಪ್ಪನದ್ದು ನಮಗೆ ಒಂದು ಸೆಂಟ್ಸೂ ಇಲ್ಲ, ಬೇಡ. ಅಮ್ಮನದ್ದೇ ಉಂಟಲ್ಲ."

ಒಗೆಚಿ ಈ ಸಲ ತಲೆ ಎತ್ತಿದಳು. "ಕಾಗದದಲ್ಲಿ ನಿಮ್ಮ ಹೆಸರಿದೆಯಾ? ನೀವು ನೋಡಿದ್ದೀರಾ?"

"ಕಾಗದ ಶೀನಪ್ಪನ ಕಪಾಟಿನಲ್ಲಿ ಉಂಟು. ನನ್ನ ತಮ್ಮ. ಅವನೇ ನೋಡಿಕೊಳ್ಳೂದು."

ಒಗೆಚಿಯ ಬೆರಳು ಒಂದು ಕ್ಷಣ ನಿಂತು ಮತ್ತೆ ಓಡತೊಡಗಿತು. ಅಶ್ಮಿತಾ, "ಔಚ್, ಆಂಟಿ, ನಾಟ್ ಸೋ ಟೈಟ್," ಎಂದಳು.

ವಾಟ್ಸಾಪಿನಲ್ಲಿ ಕಾಲ್ ಮಾಡುವುದು ಇಲ್ಲಿ ನಡೆಯದು. ಸಭೆ ಜೂಮಿನಲ್ಲಿ ಎಂದಾಯಿತು. ಒಗೆಚಿಯ ಸ್ಟುಡಿಯೋದಲ್ಲಿ ಇಂಟರ್ನೆಟ್ಟು ಕುಂಟುತ್ತಿದ್ದುದರಿಂದ ಭವ್ಯಶ್ರೀ ತನ್ನ ಊಟದ ಮೇಜನ್ನೇ ಬಿಟ್ಟುಕೊಟ್ಟಳು. ಭಾನುವಾರ ಮಧ್ಯಾಹ್ನವೇ ಒಗೆಚಿ ಬಿಳಿ ಪಿಂಗಾಣಿ ತಟ್ಟೆಯೊಂದನ್ನು ತಂದು ಲ್ಯಾಪ್‌ಟಾಪಿನ ಮುಂದೆ ಇಟ್ಟಳು. ಅದರಲ್ಲಿ ನಾಲ್ಕು ಕೋಲಾ ಬೀಜ, ದೇರಾದ ಆಫ್ರಿಕನ್ ಅಂಗಡಿಯಿಂದ ಆರಿಸಿ ತಂದದ್ದು. ಕೋಲಾ ಎಂದರೆ ಬಾಟಲಿಯದ್ದಲ್ಲ. ಹೆಬ್ಬೆರಳಿನ ಗಾತ್ರದ, ಕೆಂಪು ಕಂದು ಬಣ್ಣದ, ಕಹಿ ಒಗರಿನ ಬೀಜ. ಇಗ್ಬೋ ಮನೆಯಲ್ಲಿ ಅದನ್ನು ಇಟ್ಟು, ಪ್ರಾರ್ಥನೆ ಹೇಳಿ, ಒಡೆದು ಹಂಚುವವರೆಗೆ ಯಾವ ವಿಷಯವನ್ನೂ ಎತ್ತುವಂತಿಲ್ಲ. ಜಾಗ ಕೇಳುವವಳು ಒಗೆಚಿಯಾದ್ದರಿಂದ ಕೋಲಾ ಇಡಬೇಕಾದವಳೂ ಅವಳೇ. ಆದರೆ ಒಡೆಯುವುದು ಗಂಡಸೇ ಆಗಬೇಕು.

"ಹೆಂಗಸು ಕೊಂಡು ತರಬಹುದು, ತೊಳೆಯಬಹುದು, ಕೊಟ್ಟರೆ ತಿನ್ನಬಹುದು," ಎಂದಳು ಒಗೆಚಿ. "ಒಡೆಯುವ ಹಾಗಿಲ್ಲ. ಅದಕ್ಕೇ ಒಬಿನ್ನಾ ಬರುತ್ತಾನೆ." ಒಬಿನ್ನಾ ಅವರ ಕುಟುಂಬದವನೇ, ಶಾರ್ಜಾದಲ್ಲಿ ಕಾರ್ಗೋ ಕೆಲಸ. ಭವ್ಯಶ್ರೀ ಇದನ್ನೆಲ್ಲ ಕೇಳಿಸಿಕೊಂಡಳು. ಅಮ್ಮನಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅಮ್ಮಣ್ಣಿ ಆಗ ಬಚ್ಚಲಲ್ಲಿ ಅಶ್ಮಿತಾಳ ಸಾಕ್ಸ್ ತಿಕ್ಕುತ್ತಿದ್ದಳು.

ಐದು ಗಂಟೆಗೆ ಸರಿಯಾಗಿ ಪರದೆ ಬೆಳಗಿತು. ಅಲ್ಲಿ ಮಧ್ಯಾಹ್ನ ಎರಡು. ಚರ್ಚು ಮುಗಿಸಿ ಬಂದ ಹನ್ನೆರಡು ಹದಿಮೂರು ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ನಡುವೆ ಕೆಂಪು ಟೋಪಿಯ ಹಿರಿಯರು, ಮಾಝಿ ಒಕೊರಿಯೆ; ಮಾಝಿ ಎಂದರೆ ಯಜಮಾನರು ಅಂದ ಹಾಗೆ. ಕಡೆಗೆ, ಗೋಡೆಗೆ ಒರಗಿ, ಇಬ್ಬರು ಹೆಂಗಸರು. ಒಬ್ಬಳು ಒಗೆಚಿಯ ಅಮ್ಮ, ತಲೆಗೆ ಕಪ್ಪು ಬಟ್ಟೆ. ಇನ್ನೊಬ್ಬಳು ಸೋದರತ್ತೆ ನ್ವಾಮಾಕ, ತೀರಿಕೊಂಡವರ ಅಕ್ಕ.

ಮಾಝಿ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲೇ ಕೇಳಿದರು, "ಒಗೆಚಿ, ಕೋಲಾ ಕಾಣುತ್ತಿದೆ. ಕೋಲಾ ಒಡೆಯುವವನು ಎಲ್ಲಿ?"

ಆ ಹೊತ್ತಿಗೆ ಒಬಿನ್ನಾನ ಫೋನು. ಕೆಳಗೆ ಪಾರ್ಕಿಂಗ್ ಸಿಗುತ್ತಿಲ್ಲ, ಯಾವ ಬಿಲ್ಡಿಂಗ್ ಎಂದೂ ಗೊತ್ತಾಗುತ್ತಿಲ್ಲ, ಎಲ್ಲವೂ ಒಂದೇ ಥರ ಇವೆ. "ಐದು ನಿಮಿಷ ಮಾಝಿ," ಎಂದು ಒಗೆಚಿ ಚಪ್ಪಲಿ ಮೆಟ್ಟಿ ಓಡಿದಳು. ಭವ್ಯಶ್ರೀ ಗೋಳಿಬಜೆಯ ಹಿಟ್ಟು ಕಲಸಿ ಎಣ್ಣೆ ಇಟ್ಟಿದ್ದಳು. ಬಿಟ್ಟು ಬರುವ ಹಾಗಿರಲಿಲ್ಲ. "ಅಮ್ಮಾ, ಸ್ವಲ್ಪ ಅಲ್ಲಿ ಕೂತ್ಕೊ, ಅವರಿಗೆ ಖಾಲಿ ಕುರ್ಚಿ ಕಾಣೂದು ಬೇಡ," ಎಂದಳು.

ಅಮ್ಮಣ್ಣಿ ಸೆರಗು ಹೊದ್ದು ಹೋಗಿ ಕೂತಳು. ಪರದೆಯಿಂದ ಹನ್ನೆರಡು ಜನ ಅವಳನ್ನು ನೋಡಿದರು. ಅವಳು ಕೈ ಮುಗಿದಳು. ಅವರೂ ತಲೆ ಬಾಗಿದರು. ಆಮೇಲೆ ಎಲ್ಲರ ಕಣ್ಣೂ ತಟ್ಟೆಯ ಮೇಲೆ. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಬಂದವರ ಮುಂದೆ ತಟ್ಟೆ ಇಟ್ಟು, ಇಡೀ ಕಾಯನ್ನು ಹಾಗೇ ಬಿಟ್ಟು, ಮನೆಯವರು ಮಾಯವಾಗುವುದೆಂದರೆ ಅಮ್ಮಣ್ಣಿಯ ಮಟ್ಟಿಗೆ ಮರ್ಯಾದೆಯ ಪ್ರಶ್ನೆ. ಅವಳ ಮನೆಯಲ್ಲಿ ಯಾರೇ ಬಂದರೂ ಮೊದಲು ಹರಿವಾಣ ಮುಂದೆ ಬರಬೇಕು, ಅಡಿಕೆ ಹೋಳಾಗಬೇಕು; ಆಮೇಲೆ ಮಾತು. ಕೈಗೆಟಕುವಷ್ಟು ದೂರದಲ್ಲೇ ಟಿವಿ, ಟಿವಿಯ ಪಕ್ಕ ಅಡಕತ್ತರಿ.

ಅಡುಗೆಮನೆಗೆ ಆ ಸದ್ದು ಕೇಳಿತು. ಕಟ್. ಗಾಳಿ ಕತ್ತರಿಸುವ ಸದ್ದಲ್ಲ, ನಡುವೆ ಏನೋ ಇದ್ದ ಸದ್ದು. ಭವ್ಯಶ್ರೀ ಜಾಲರಿ ಸೌಟು ಹಿಡಿದೇ ಓಡಿ ಬಂದಳು. ಅಮ್ಮಣ್ಣಿ ಕೋಲಾ ಬೀಜವೊಂದನ್ನು ಅಡ್ಡಡ್ಡಲಾಗಿ ತೆಳ್ಳಗೆ ಹೆಚ್ಚಿ, ಹೋಳುಗಳನ್ನು ಹೂವಿನ ಹಾಗೆ ಜೋಡಿಸಿ, ತಟ್ಟೆಯನ್ನು ಕ್ಯಾಮೆರಾದ ಕಡೆಗೆ ತಳ್ಳಿ, "ತೆಕ್ಕೊಳ್ಳಿ, ಸಂಕೋಚ ಬೇಡ," ಎಂದು ಉಪಚಾರ ಹೇಳುತ್ತಿದ್ದಳು.

ಪರದೆಯಲ್ಲಿ ಒಬ್ಬರೂ ಅಲುಗಲಿಲ್ಲ. ಅಲ್ಲಿನದೇ ಇಂಟರ್ನೆಟ್ಟು ನಿಂತಿತೇನೋ ಎಂದು ಭವ್ಯಶ್ರೀ ಒಂದು ಗಳಿಗೆ ಆಸೆಪಟ್ಟಳು. ಅಷ್ಟರಲ್ಲಿ ಅವರ ಹಿಂದೆ ಕೋಳಿಯೊಂದು ನಡೆದುಹೋಯಿತು.

ಬಾಗಿಲು ತೆರೆದು ಒಗೆಚಿ ಬಂದಳು, ಹಿಂದೆ ಏದುಸಿರು ಬಿಡುತ್ತ ಒಬಿನ್ನಾ. ಅವನು ತಟ್ಟೆ ನೋಡಿ ಟೋಪಿ ತೆಗೆದ. ಒಗೆಚಿ ಗೋಡೆ ಹಿಡಿದುಕೊಂಡಳು. ಮೂರು ವಾರದಿಂದ ಒಂದೊಂದು ಮಾತನ್ನೂ ಬರೆದು, ಅಳಿಸಿ, ಕನ್ನಡಿಯ ಮುಂದೆ ಹೇಳಿ ನೋಡಿಕೊಂಡವಳು. ಈಗ ಹಡಗು ದಡ ಬಿಡುವ ಮೊದಲೇ ತೂತು.

"ನನ್ನ ತಪ್ಪು," ಎಂದಳು ಭವ್ಯಶ್ರೀ ಪರದೆಯ ಮುಂದೆ ಬಗ್ಗಿ, ಸೌಟು ಇನ್ನೂ ಕೈಯಲ್ಲೇ. "ನನ್ನ ಅಮ್ಮ. ಅವರಿಗೆ ನಿಮ್ಮ ಪದ್ಧತಿ ಗೊತ್ತಿಲ್ಲ. ನಾನು ಹೇಳಬೇಕಿತ್ತು."

ಗಂಡಸರು ಒಮ್ಮೆಗೇ ಇಗ್ಬೋದಲ್ಲಿ ಮಾತಿಗೆ ತೊಡಗಿದರು. ಒಬಿನ್ನಾ ಮೆಲ್ಲಗೆ ಅರ್ಥ ಹೇಳುತ್ತ ಹೋದ. ಹೆಂಗಸು ಒಡೆದ ಕೋಲಾ ಕೋಲಾವೇ ಅಲ್ಲ, ಸಭೆ ಶುರುವೇ ಆಗಿಲ್ಲ ಎಂದು ಕೆಲವರು. ಕಬ್ಬಿಣ ತಾಗಿದೆ, ಬೀಜ ತಾನೇ ಹೋಳಾಗುವ ಗೆರೆ ಬಿಟ್ಟು ಅಡ್ಡ ಕತ್ತರಿಸಿದ್ದಾರೆ ಎಂದು ಇನ್ನು ಕೆಲವರು. ಪರದೇಶಿಗೆ ನಮ್ಮ ನಿಷೇಧ ತಾಗುವುದಿಲ್ಲ, ಬಿಡಿ ಎಂದು ಒಬ್ಬ. ಚಿಕ್ಕಪ್ಪನ ಮಗ ಎದ್ದು ನಿಂತು, ಮಣ್ಣು ಮಾಡಿದ ಮೇಲೆ ನೋಡೋಣ, ಇವತ್ತಿಗೆ ಸಭೆ ಸಾಕು ಎಂದ. ಅವನ ಪಾಲಿಗೆ ಅದೇ ಒಳ್ಳೆಯದು. ಮಣ್ಣು ಮಾಡಿದ ಮೇಲೆ ಕೇಳುವವರು ಯಾರು?

ಮಾಝಿ ಕೈ ಎತ್ತಿದರು. "ಅಮ್ಮನ ಕೈಯಲ್ಲಿರುವುದು ಏನು?"

ಅಮ್ಮಣ್ಣಿಗೆ ಏನೋ ಎಡವಟ್ಟಾಗಿದೆ ಎಂದು ಅಷ್ಟರಲ್ಲಿ ಅರಿವಾಗಿತ್ತು. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಅಡಕತ್ತರಿಯನ್ನು ಕ್ಯಾಮೆರಾಕ್ಕೆ ಹಿಡಿದು ಬಾಯಿ ತೆರೆದು ಮುಚ್ಚಿ ತೋರಿಸಿದಳು. "ಅಡಿಕೆ ಕತ್ತರಿಸೂದು. ನನ್ನ ಅಮ್ಮನದ್ದು. ಅದಕ್ಕಿಂತ ಮೊದಲು ಅವಳ ಅಮ್ಮನದ್ದು. ನಾನು ಹೋದ ಮೇಲೆ ಇವಳಿಗೆ."

ಭವ್ಯಶ್ರೀ ದಾಟಿಸಿದಳು.

"ನಿಮ್ಮಲ್ಲಿ ಇಂಥ ಸಾಮಾನು ತಾಯಿಯಿಂದ ಮಗಳಿಗೆ ಹೋಗುತ್ತದೆಯೋ?"

"ಸಾಮಾನು ಮಾತ್ರವಾ? ಮನೆ, ಗದ್ದೆ ಎಲ್ಲ ಹಾಗೆಯೇ ಹೇಳು."

ಭವ್ಯಶ್ರೀ ಒಗೆಚಿಯ ಕಡೆ ನೋಡಿದಳು. ಹೇಳಲೋ ಬೇಡವೋ. ಒಗೆಚಿ ಕಣ್ಣಲ್ಲೇ ಹೇಳು ಎಂದಳು. ಭವ್ಯಶ್ರೀ ಹೇಳಿದಳು.

"ಹಾಗಾದರೆ ಅಲ್ಲಿಯ ಗಂಡಸರು ಏನು ತಿನ್ನುತ್ತಾರೆ?" ಎಂದ ಚಿಕ್ಕಪ್ಪನ ಮಗ. ಎರಡು ಮೂರು ಜನ ನಕ್ಕರು.

"ಅಕ್ಕನ ಗದ್ದೆಯ ಅನ್ನ," ಎಂದಳು ಅಮ್ಮಣ್ಣಿ. "ನನ್ನ ತಮ್ಮ ಶೀನಪ್ಪ ಅದನ್ನೇ ತಿಂದು ಬೆಳೆದದ್ದು. ಈಗ ನೋಡಿದ್ರೆ ಬಾಗಿಲಲ್ಲಿ ಹಿಡಿಸೂದಿಲ್ಲ."

ಈ ಮಾತು ಇಂಗ್ಲಿಷಾಗಿ, ಅಲ್ಲಿ ಇಗ್ಬೋ ಆಗಿ, ಗೋಡೆಗೆ ಒರಗಿದ್ದ ನ್ವಾಮಾಕಳನ್ನು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ತಲುಪಿದ ಮೇಲೆ ಅವಳು ನಕ್ಕಳು. ಮೊದಲು ಭುಜ ಕುಲುಕಿತು, ಆಮೇಲೆ ಕುರ್ಚಿ. ನಗು ನಿಲ್ಲುವಷ್ಟರಲ್ಲಿ ಅವಳು ಎದ್ದು, ಸಾಲು ದಾಟಿ, ಕ್ಯಾಮೆರಾದ ಮುಂದೆಯೇ ಬಂದು ನಿಂತಿದ್ದಳು. ಗಂಡಸರಲ್ಲೊಬ್ಬ ಏನೋ ಹೇಳಹೋದ.

"ಕೋಲಾ ಒಡೆಯುವವರೆಗೆ ಯಾರೂ ಮಾತಾಡಬಾರದು, ಅಷ್ಟೇ ತಾನೇ?" ಎಂದಳು ನ್ವಾಮಾಕ. ಒಬಿನ್ನಾ ಪಿಸುಗುಟ್ಟುತ್ತ ಅರ್ಥ ಹೇಳುತ್ತಿದ್ದ. "ಒಡೆದಾಗಿದೆ. ಯಾರು ಒಡೆದರು, ಹೇಗೆ ಒಡೆದರು ಎಂದು ನೀವು ಸಂಜೆಯವರೆಗೆ ಕೂತು ಲೆಕ್ಕ ಹಾಕಿ. ಅಲ್ಲಿಯವರೆಗೆ ನಾನು ಮಾತಾಡುತ್ತೇನೆ. ಗುರುವಾರ ನನ್ನ ತಮ್ಮನನ್ನು ಮಣ್ಣು ಮಾಡುತ್ತೀರಿ. ಈ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಕ್ಕಳು ನಾವು ನಲವತ್ತು ಜನ ಊರೂರಿನಿಂದ ಬರುತ್ತೇವೆ. ನಾವು ಬಂದು ಕೂರದೆ ಇಲ್ಲಿ ಯಾರ ಮಣ್ಣೂ ಆಗಿಲ್ಲ. ಎಲ್ಲಿ ಕೂರುವುದು? ಅವನ ಹೆಂಡತಿಯ ಅಂಗಳದಲ್ಲಿ, ಅವಳು ನೆಟ್ಟ ಗೆಣಸಿನ ಪಕ್ಕ. ಅದು ಅವಳದಲ್ಲ ಎಂದರೆ ನಮಗೆ ಕೂರಲು ಜಾಗವಿಲ್ಲ. ಜಾಗವಿಲ್ಲದ ಮನೆಗೆ ನಾವು ಬರುವುದಿಲ್ಲ."

ಪರದೆ ಕಪ್ಪಾಯಿತು. ಜೂಮಿನ ಪುಕ್ಕಟೆಯ ನಲವತ್ತು ನಿಮಿಷ ಮುಗಿದಿತ್ತು.

ಮತ್ತೆ ಸೇರಿಕೊಳ್ಳಲು ಏಳು ನಿಮಿಷ ಹಿಡಿಯಿತು. ಆ ಏಳು ನಿಮಿಷದಲ್ಲಿ ಒಗೆಚಿ ಮೇಜಿನ ಅಂಚನ್ನು ಬಿಡಲಿಲ್ಲ. ಅಮ್ಮಣ್ಣಿ ಅವಳ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ನಾನು ಹಾಳು ಮಾಡಿದೆನಾ ಮಗಾ?" ಎಂದು ತುಳುವಿನಲ್ಲೇ ಕೇಳಿದಳು. ಯಾರೂ ದಾಟಿಸಲಿಲ್ಲ. ಒಗೆಚಿ ತಲೆ ಅಲ್ಲಾಡಿಸಿದಳು, ಇಲ್ಲ ಎಂದೋ ಗೊತ್ತಿಲ್ಲ ಎಂದೋ. ಅಡುಗೆಮನೆಯಲ್ಲಿ ಬಿಟ್ಟುಬಂದ ಗೋಳಿಬಜೆ ಸೀದು ಕಲ್ಲಿದ್ದಲಾಗಿತ್ತು. ಅಶ್ಮಿತಾ ಒಲೆ ಆರಿಸಿ ಬಂದು, "ಮಮ್ಮಾ, ಐ ಟರ್ನ್ಡ್ ಇಟ್ ಆಫ್," ಎಂದಳು.

ಮತ್ತೆ ಮುಖಗಳು ಕಂಡಾಗ ಮಾಝಿ ಒಬ್ಬರೇ ಮಾತಾಡಿದರು. ಮೊದಲು ಒಬಿನ್ನಾನಿಗೆ ಇನ್ನೊಂದು ಕೋಲಾ ಎತ್ತಲು ಹೇಳಿದರು. ಅವನು ಪ್ರಾರ್ಥನೆ ಹೇಳಿ ಉಗುರಿನಿಂದ ಬಿಡಿಸಿದ. ಎಷ್ಟು ಹೋಳಾಯಿತೆಂದು ಎಣಿಸಿ ಶುಭ ಅಶುಭ ನೋಡುವುದು ರೂಢಿ; ಈ ಸಲ ಅವರು ಅದನ್ನು ಕೇಳಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು: ಮನೆಯೂ ಹಿಂದಿನ ಜಾಗವೂ ಒಗೆಚಿಯ ಅಮ್ಮನ ಕೈಯಲ್ಲೇ, ಅವಳು ಬದುಕಿರುವಷ್ಟು ಕಾಲ. ಯಾರೂ ಅಲ್ಲಿ ಇಟ್ಟಿಗೆ ಇಡುವಂತಿಲ್ಲ. ಗುರುವಾರಕ್ಕೆ ಮೊದಲು ಗಡಿಗೆ ಒಗಿರಿಸಿ ಗೂಟ ನೆಡಿಸುತ್ತೇನೆ. ಒಗಿರಿಸಿ ಎಂದರೆ ಕೊಂಬೆ ಕಡಿದು ನೆಟ್ಟರೂ ಚಿಗುರುವ ಮರ. ಅದನ್ನು ನೆಟ್ಟ ಗಡಿಯನ್ನು ಅವರ ಕಡೆ ಯಾರೂ ಕೀಳುವುದಿಲ್ಲ.

"ಅಮ್ಮನ ನಂತರ?" ಎಂದಳು ಒಗೆಚಿ.

"ಮಗಳೇ, ಕೋರ್ಟು ಹೇಳಿದ್ದನ್ನು ನಾನೂ ಓದಿದ್ದೇನೆ. ಆದರೆ ಈ ಹುಡುಗರ ನಡುವೆ ದಿನಾ ಬದುಕಬೇಕಾದವನು ನಾನು."

"ಹಾಗಾದರೆ ಇವತ್ತು ಒಪ್ಪಿದ್ದನ್ನು ಕಾಗದದಲ್ಲಿ ಬರೆದುಕೊಡಿ ಮಾಝಿ. ಎಲ್ಲರ ಸಹಿ ಬೇಕು. ಉಳಿದದ್ದನ್ನು ನಾನು ಮುಂದಿನ ರಜೆಗೆ ಬಂದು ಕೇಳುತ್ತೇನೆ, ಅದರ ಮುಂದಿನ ರಜೆಗೂ ಕೇಳುತ್ತೇನೆ."

"ಅವರಪ್ಪನದೇ ನಾಲಗೆ," ಎಂದರು ಮಾಝಿ ಪಕ್ಕದವನಿಗೆ. ಹಿಂದೆ, ಕಪ್ಪು ಬಟ್ಟೆಯ ಹೆಂಗಸು ಮೊದಲ ಬಾರಿಗೆ ಕೈ ಎತ್ತಿ ಕಣ್ಣೊರೆಸಿಕೊಂಡಳು. ಒಗೆಚಿ ಅಷ್ಟು ಹೊತ್ತು ತಡೆದದ್ದನ್ನು ಆಗ ತಡೆಯಲಾಗದೆ ಅಮ್ಮಣ್ಣಿಯ ಸೆರಗಿನಲ್ಲೇ ಮುಖ ಮುಚ್ಚಿಕೊಂಡಳು.

ಒಗೆಚಿ ಊರಿಗೆ ಹೋಗಿ, ಅಪ್ಪನನ್ನು ಮಣ್ಣು ಮಾಡಿ, ಎರಡು ವಾರದಲ್ಲಿ ಹಿಂದಿರುಗಿದಳು. ಶನಿವಾರ ಎಂದಿನಂತೆ ಅಶ್ಮಿತಾಳ ಜಡೆ ಹೆಣೆಯಲು ಕೂತು ಫೋನು ಅಮ್ಮಣ್ಣಿಯ ಕೈಗೆ ಕೊಟ್ಟಳು. ಕೆಂಪು ಮಣ್ಣಿನಲ್ಲಿ ನಾಲ್ಕು ಗೂಟ, ಒಂದರ ಪಕ್ಕ ಅವಳ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತ ಫೋಟೋ. ಮುಂದಿನ ಫೋಟೋ ಕಾಗದದ್ದು. ಹದಿಮೂರು ಸಹಿ, ಎರಡು ಹೆಬ್ಬೆಟ್ಟು.

ಅಮ್ಮಣ್ಣಿ ಕನ್ನಡಕ ಹಾಕಿ ಗೂಟಗಳನ್ನೇ ದೊಡ್ಡದು ಮಾಡಿ ನೋಡಿದಳು. "ಈ ಮೂರು ಬದುಕ್ತದೆ. ನಾಲ್ಕನೆಯದ್ದು ತಲೆಕೆಳಗಾಗಿ ನೆಟ್ಟಿದ್ದಾರೆ. ತೆಗೆದು ಬೇರೆ ನೆಡ್ಲಿಕ್ಕೆ ಹೇಳು." ಭವ್ಯಶ್ರೀ ಹೇಳಿದಳು. ಒಗೆಚಿ ಫೋನು ಕಸಿದುಕೊಂಡು ನೋಡಿ, ಆಗಲೇ ಅಮ್ಮನಿಗೆ ಸಂದೇಶ ಕಳಿಸಿದಳು.

ಕಾಗದದ ಫೋಟೋವನ್ನು ಅಮ್ಮಣ್ಣಿ ಮತ್ತೆ ಕೇಳಿ ಪಡೆದಳು. ಓದಲು ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಭವ್ಯಾ, ಶೀನನಿಗೆ ಒಂದು ಫೋನ್ ಹಚ್ಚು," ಎಂದಳು.

ಫೋನು ಹೋಯಿತು. ಅತ್ತ ಶೀನಪ್ಪನ ದೊಡ್ಡ ದನಿ, ಊಟ ಆಯಿತಾ, ಅಲ್ಲಿ ಸೆಕೆ ಹೇಗುಂಟು ಎಂದೆಲ್ಲ.

"ಎಲ್ಲ ಆಯ್ತು. ಶೀನಾ, ನನ್ನ ಗದ್ದೆಯ ಪಹಣಿ, ಪಾಲಿನ ಕಾಗದ ಎಲ್ಲ ನಿನ್ನ ಕಪಾಟಿನಲ್ಲಿ ಉಂಟಲ್ಲ, ಅದರದ್ದು ಒಂದು ಫೋಟೋ ತೆಗ್ದು ಕಳಿಸು."

ಶೀನಪ್ಪನ ದನಿ ಸಣ್ಣದಾಯಿತು. "ಎಂತಕ್ಕಾ ಈಗ? ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಯಾರೂ ಎಂತದೂ ಹೇಳ್ಲಿಲ್ಲ ಮಾರಾಯ. ನನಗೆ ಅರವತ್ತೆಂಟು ವರ್ಷ ಆಯ್ತು, ಒಮ್ಮೆ ನೋಡ್ಬೇಕು. ನೀನು ಅನ್ನ ಉಣ್ಣು, ಅದಕ್ಕೆ ಏನೂ ಅಡ್ಡಿಯಿಲ್ಲ."

ಶೀನಪ್ಪ ನಕ್ಕದ್ದು ಫೋನಿನ ಆಚೆಯಿಂದಲೇ ಕೋಣೆಗೆಲ್ಲ ಕೇಳಿಸಿತು. "ಆಯ್ತಕ್ಕ, ಕನ್ನಡಕ ಎಲ್ಲಿಟ್ಟೆ ನೋಡ್ತೇನೆ," ಎಂದ.

ಅಮ್ಮಣ್ಣಿ ಫೋನನ್ನು ಮೇಜಿನ ಮೇಲೆ, ಅಡಕತ್ತರಿಯ ಪಕ್ಕ, ಕಾಣುವ ಹಾಗೆ ಇಟ್ಟುಕೊಂಡು ಕೂತಳು. ಭವ್ಯಶ್ರೀ ಮತ್ತೊಮ್ಮೆ ಗೋಳಿಬಜೆಗೆ ಎಣ್ಣೆ ಇಡಲು ಒಳಗೆ ಹೋದಳು.